ಮಲ್ಪೆ ಬಂದರಿನ ಚಳಿಗಾಲದ ಹಕ್ಕಿಗಳು: ಮೊದಲು ಬೋಟು ನೋಡಿ, ಆಮೇಲೆ ಹಕ್ಕಿ

ಹಕ್ಕಿ ನೋಡಲು ಶುರು ಮಾಡಬೇಕು ಅಂದ ಕೂಡಲೇ ನಮ್ಮ ಕಡೆಯವರು ಘಟ್ಟದ ದಾರಿ ಹಿಡಿಯುತ್ತಾರೆ. ಆಗುಂಬೆ, ಕುದುರೆಮುಖ, ಸೋಮೇಶ್ವರ. ಅಲ್ಲಿ ಹಕ್ಕಿಗಳಿಗೇನೂ ಕಮ್ಮಿ ಇಲ್ಲ. ಆದರೆ ಹೊಸಬರಿಗೆ ಕಾಡಿನಲ್ಲಿ ಸಿಗುವುದು ಹೆಚ್ಚಾಗಿ ಬರೀ ದನಿ. ಎಲೆಯ ಮರೆಯಲ್ಲಿ ಏನೋ ಕೂಗುತ್ತದೆ, ಮೇಲೆ ನೋಡಿ ನೋಡಿ ಕುತ್ತಿಗೆ ನೋಯುತ್ತದೆ, ಅಷ್ಟೇ.

ಮಲ್ಪೆ ಬಂದರಿನಲ್ಲಿ ಈ ತಾಪತ್ರಯ ಇಲ್ಲ. ಹಕ್ಕಿಗಳು ದೊಡ್ಡವು, ಬಯಲಿನಲ್ಲೇ ಇರುತ್ತವೆ, ಜನರಿಗೆ ಹೆದರುವುದು ಕಡಿಮೆ. ಉಡುಪಿ ಸಿಟಿ ಬಸ್ ಹತ್ತಿದರೆ ಆರು ಕಿಲೋಮೀಟರ್. ಹುಡುಕುವ ಕೆಲಸವೂ ಜಾಸ್ತಿ ಇಲ್ಲ. ಮೀನು ಎಲ್ಲಿದೆ, ನೀರು ಏರುತ್ತಿದೆಯಾ ಇಳಿಯುತ್ತಿದೆಯಾ ಎಂಬ ಎರಡು ಸಂಗತಿ ಗೊತ್ತಿದ್ದರೆ ಹಕ್ಕಿ ಎಲ್ಲಿರುತ್ತದೆ ಅಂತ ಮನೆಯಲ್ಲೇ ಕೂತು ಹೇಳಬಹುದು. ಈ ಲೇಖನದಲ್ಲಿ ಇರುವುದು ಆ ಲೆಕ್ಕ.

ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಉತ್ತರದಿಂದ ಬರುವ ದಡದ ಹಕ್ಕಿಗಳು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೇ ಬರಲು ಶುರುವಾಗುತ್ತವೆ. ಕಡಲಕಾಗೆಗಳು, ಅಂದರೆ ಗಲ್‌ಗಳು, ಸ್ವಲ್ಪ ತಡ. ನವೆಂಬರ್‌ನಿಂದ ಫೆಬ್ರವರಿವರೆಗೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಹೊಸಬರು ಡಿಸೆಂಬರ್ ಅಥವಾ ಜನವರಿಯಲ್ಲಿ ಶುರು ಮಾಡುವುದು ಒಳ್ಳೆಯದು. ಹೊರಗಿನಿಂದ ಬರುವವರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ವಾರ ಉಡುಪಿಯಲ್ಲಿ ರೂಮು ಸಿಗುವುದು ಕಷ್ಟ, ರಸ್ತೆಯೂ ತುಂಬಿರುತ್ತದೆ.

ಚಳಿಗಾಲ ಎಂದು ಸ್ವೆಟರ್ ತರಬೇಡಿ. ಬೆಳಗ್ಗೆ ಸ್ವಲ್ಪ ತಂಪಿರುತ್ತದೆ, ಹತ್ತು ಗಂಟೆಗೆ ಬೆವರು ಸುರಿಯುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಬೆಳಗ್ಗೆಯೇ ಸರಿ. ಇದಕ್ಕೆ ಮೂರು ಕಾರಣ ಉಂಟು. ಮೊದಲನೆಯದು, ನಮ್ಮ ಕಡಲು ಪಡುವಣಕ್ಕಿದೆ. ಬೆಳಗ್ಗೆ ಕಡಲಿನ ಕಡೆ ತಿರುಗಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪು. ಎರಡನೆಯದು, ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ನೀರು ಸಮತಟ್ಟಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದು ಅಲೆಗಳ ನಡುವೆ ಹಕ್ಕಿ ಕಾಣಿಸಿ ಮಾಯವಾಗುತ್ತದೆ. ಮೂರನೆಯದು ಮುಖ್ಯವಾದ್ದು: ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಮೀನು ಇಳಿಸುವ ಗಡಿಬಿಡಿ ಇರುವುದು ಬೆಳಗ್ಗೆ. ಡಿಸೆಂಬರ್-ಜನವರಿಯಲ್ಲಿ ಸೂರ್ಯೋದಯ ಆರೂಮುಕ್ಕಾಲು, ಏಳರ ಆಸುಪಾಸು. ಏಳು ಗಂಟೆಗೆ ದಕ್ಕೆಯಲ್ಲಿದ್ದರೆ ಸಾಕು.

ಇನ್ನು ಭರತ ಇಳಿತ. ದಕ್ಕೆಯೊಳಗೆ ಇದರ ಪ್ರಭಾವ ಕಡಿಮೆ, ಆದರೆ ಮರಳಿನ ದಿಬ್ಬ, ಕೆಸರು, ಅಳಿವೆಯ (ಹೊಳೆ ಕಡಲು ಸೇರುವ ಜಾಗದ) ಹಕ್ಕಿಗಳಿಗೆ ಇದೇ ಗಡಿಯಾರ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಒಂದೇ ಎತ್ತರ ಇರುವುದಿಲ್ಲ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಏರಿಳಿಯುವುದು ಒಂದು, ಒಂದೂವರೆ ಮೀಟರ್ ಅಷ್ಟೇ. ಗುಜರಾತಿನ ಕಚ್ಛ್ ಕಡೆಯ ಹಾಗೆ ಕಿಲೋಮೀಟರ್‌ಗಟ್ಟಲೆ ಕೆಸರು ನಮ್ಮಲ್ಲಿ ತೆರೆದುಕೊಳ್ಳುವುದಿಲ್ಲ. ಹಾಗಾಗಿ ಉಣ್ಣುವ ಜಾಗ ಕಡಿಮೆ, ಇದ್ದಷ್ಟು ಜಾಗದಲ್ಲಿ ಹಕ್ಕಿಗಳು ಒತ್ತಾಗಿ ಸೇರುತ್ತವೆ. ನಮಗೆ ಇದು ಲಾಭವೇ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಏರಿಳಿತ ಹೆಚ್ಚು. ಕ್ಯಾಲೆಂಡರ್ ನೋಡಿ ಅಂಥ ದಿನ ಆರಿಸಿ, ಫೋನಿನಲ್ಲಿ ಟೈಡ್ ಆ್ಯಪ್ ಒಂದನ್ನು ಹಾಕಿಕೊಂಡು ಮಲ್ಪೆ ಅಥವಾ ಮಂಗಳೂರಿನ ಹೊತ್ತು ನೋಡಿಕೊಳ್ಳಿ. ಬೆಳಗ್ಗೆ ಎಂಟು, ಒಂಬತ್ತರ ಹೊತ್ತಿಗೆ ಇಳಿತ ಇರುವ ದಿನ ಸಿಕ್ಕಿದರೆ ಬಿಡಬೇಡಿ. ದಕ್ಕೆ ಮುಗಿಸಿ ಮರಳಿಗೆ ಹೋಗುವಾಗ ಊಟದ ಎಲೆ ಹಾಕಿಟ್ಟಂತೆ ಇರುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಬೈನಾಕ್ಯುಲರ್, ಒಂದು ಪುಟ್ಟ ನೋಟ್‌ಬುಕ್, ನೀರು, ಟೋಪಿ, ರಬ್ಬರ್ ಚಪ್ಪಲಿ ಅಥವಾ ಗಂಬೂಟ್. ಬೈನಾಕ್ಯುಲರ್ 8x42 ಅಂತ ಬರೆದಿರುವುದು ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಅಂಗಡಿಯವರು 20 ಪಟ್ಟು, 30 ಪಟ್ಟು ಅಂತ ಆಸೆ ಹುಟ್ಟಿಸಿದರೆ ಬೇಡ ಅನ್ನಿ. ಕೈ ನಡುಗಿದರೆ ಅದರಲ್ಲಿ ಏನೂ ಕಾಣುವುದಿಲ್ಲ. ಮನೆಗೆ ಬಂದ ಮೇಲೆ ಗಾಜಿನ ಮೇಲಿನ ಉಪ್ಪಿನ ಹನಿಯನ್ನು ಒಣ ಬಟ್ಟೆಯಲ್ಲಿ ತಿಕ್ಕಬೇಡಿ, ಗೀಚು ಬೀಳುತ್ತದೆ. ಮೊದಲು ಸ್ವಲ್ಪ ಸಿಹಿನೀರು ಹಾಕಿದ ಮೆತ್ತನೆ ಬಟ್ಟೆ, ಆಮೇಲೆ ಒಣ ಬಟ್ಟೆ.

ಕ್ಯಾಮೆರಾ ಇದ್ದರೆ ತನ್ನಿ. ಆದರೆ ಮೊದಲ ಕೆಲವು ಸಲ ಅದನ್ನು ಚೀಲದಲ್ಲೇ ಇಟ್ಟಿರಿ ಅಂತ ನನ್ನ ಸಲಹೆ. ಫೋಟೋ ಹಿಡಿಯುವವರು ಒಂದೇ ಹಕ್ಕಿಯ ಹಿಂದೆ ಹೋಗುತ್ತಾರೆ, ಪಕ್ಕದಲ್ಲಿ ಕೂತಿದ್ದ ಬೇರೆ ಜಾತಿಯನ್ನು ನೋಡುವುದೇ ಇಲ್ಲ.

ಫೋನಿಗೆ ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್ ಹಾಕಿ, ಭಾರತದ ಹಕ್ಕಿಗಳ ಪ್ಯಾಕ್ ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ. ದಕ್ಕೆಯಲ್ಲಿ ಅದರ ದನಿ ಗುರುತಿಸುವ ಸೌಲಭ್ಯ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬೋಟಿನ ಇಂಜಿನ್, ಐಸ್ ಪುಡಿ ಮಾಡುವ ಮೆಷಿನ್, ಏಲಂ ಕೂಗುವವರ ಗಂಟಲು, ಇಷ್ಟರ ನಡುವೆ ಹಕ್ಕಿಯ ದನಿ ಎಲ್ಲಿ ಕೇಳಬೇಕು! ಚಿತ್ರ ನೋಡಿ ಹೋಲಿಸಲು ಮಾತ್ರ ಚೆನ್ನಾಗಿದೆ.

ದಕ್ಕೆಯೊಳಗೆ ಹೋಗುವ ಕ್ರಮ

ಬಂದರು ಅನ್ನುವುದು ಬೇರೆಯವರು ದುಡಿಯುವ ಜಾಗ. ಅಲ್ಲಿ ನಾವು ಅಡ್ಡ ಬರುವವರು. ಇದೊಂದು ತಲೆಯಲ್ಲಿದ್ದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಒಳಗೆ ಹೋದ ಕೂಡಲೇ ಬೈನಾಕ್ಯುಲರ್ ಎತ್ತಬೇಡಿ. ಅದರಲ್ಲೂ ಮೀನು ಆರಿಸುತ್ತಾ ಕೂತಿರುವ ಹೆಂಗಸರ ಕಡೆ ಎತ್ತಲೇಬೇಡಿ. ಹತ್ತಿರದ ಯಾರಾದರೂ ಒಬ್ಬರ ಬಳಿ ಹೋಗಿ, "ಅಣ್ಣ, ಹಕ್ಕಿ ನೋಡ್ಲಿಕ್ಕೆ ಬಂದದ್ದು, ಇಲ್ಲಿ ನಿಂತ್ರೆ ತೊಂದ್ರೆ ಉಂಟಾ?" ಅಂತ ಕೇಳಿ. ತುಳು ಬಂದರೆ ತುಳುವಿನಲ್ಲೇ ಕೇಳಿ, ಇನ್ನೂ ಒಳ್ಳೆಯದು. ಒಂದು ಸಲ ನಗುತ್ತಾರೆ, "ಕಾಗೆ ನೋಡ್ಲಿಕ್ಕೆ ಇಷ್ಟು ದೂರ ಬಂದ್ರಾ ಮಾರಾಯ್ರೆ?" ಅಂತಾರೆ. ಆಮೇಲೆ ಅವರೇ ಜಾಗ ತೋರಿಸುತ್ತಾರೆ. ಹಾಗೇ ಯಾವ ಬೋಟು ಈಗ ಬರುವುದಿದೆ, ಏನು ಮೀನು ಬಂದಿದೆ ಅಂತಲೂ ಕೇಳಿಕೊಳ್ಳಿ. ತಾಂಡೇಲರೊಬ್ಬರ, ಅಂದರೆ ಬೋಟು ನಡೆಸುವ ಮುಖ್ಯಸ್ಥರೊಬ್ಬರ, ಪರಿಚಯ ಆಯಿತು ಅಂದರೆ ನಿಮಗೆ ಅರ್ಧ ಕೆಲಸ ಕಡಿಮೆ. ಹೊರಗೆ ಆಳ ನೀರಿನಲ್ಲಿ ಯಾವ ಹಕ್ಕಿ ಬೋಟಿನ ಹಿಂದೆ ಬರುತ್ತದೆ ಅಂತ ಅವರು ನೋಡಿರುವಷ್ಟು ನಾವು ಯಾರೂ ನೋಡಿಲ್ಲ.

ನೆಲ ಜಾರುತ್ತದೆ. ಮೀನಿನ ಲೋಳೆ, ಐಸ್ ನೀರು, ಡೀಸೆಲ್, ಮೂರೂ ಸೇರಿರುತ್ತದೆ. ಬೋಟು ಕಟ್ಟಿದ ರೋಪಿನ ಒಳಗಡೆ ಕಾಲಿಡಬೇಡಿ, ಬೋಟು ಅಲುಗಿದರೆ ರೋಪು ಸರಕ್ಕನೆ ಬಿಗಿಯುತ್ತದೆ. ಬುಟ್ಟಿ ಹೊತ್ತು ಬರುವವರಿಗೆ, ತಳ್ಳುಗಾಡಿಗೆ, ಟೆಂಪೋಗೆ ದಾರಿ ಬಿಡಿ. ನಿಲ್ಲಲು ಒಳ್ಳೆಯ ಜಾಗ ಅಂದರೆ ಖಾಲಿ ಬೋಟುಗಳನ್ನು ಸಾಲಾಗಿ ಕಟ್ಟಿರುವ ಮೂಲೆ. ಅಲ್ಲಿ ಜನ ಕಡಿಮೆ, ಹಕ್ಕಿ ಜಾಸ್ತಿ.

ಒಂದು ಕಡೆ ನಿಂತು ಅರ್ಧ ಗಂಟೆ ಕದಲಬೇಡಿ. ಬೋಟು ಬಂತು, ಬುಟ್ಟಿ ಇಳಿಯಿತು, ಬೇಡದ ಮೀನು ನೀರಿಗೆ ಬಿತ್ತು ಅಂದರೆ ಹಕ್ಕಿಗಳೇ ನಿಮ್ಮ ಎದುರಿಗೆ ಬರುತ್ತವೆ. ಅದು ಮುಗಿದ ಮೇಲೆ ಎಲ್ಲವೂ ಬೋಟಿನ ಮಾಡಿನ ಮೇಲೆ, ಕಂಬದ ಮೇಲೆ, ಬಲೆಯ ರಾಶಿಯ ಮೇಲೆ ಕೂರುತ್ತವೆ. ಗುರುತಿಸುವ ಕೆಲಸ ಮಾಡಬೇಕಾದ್ದು ಆಗ, ಹಾರುವಾಗ ಅಲ್ಲ.

ಮೊದಲ ಪಾಠ: ಗರುಡ ಮತ್ತು ಹದ್ದು

ಅಪರೂಪದ್ದನ್ನು ಹುಡುಕುವ ಮೊದಲು ದಿನಾ ಕಾಣುವುದನ್ನು ಸರಿಯಾಗಿ ನೋಡಿ. ಇಟ್ಟಿಗೆ ಕೆಂಪಿನ ಮೈ, ಬಿಳಿ ತಲೆ, ಬಿಳಿ ಎದೆ, ಇದು ಗರುಡ. ಕಂಡವರು ಕೈ ಮುಗಿಯುತ್ತಾರೆ, ನಮಗೆಲ್ಲ ಗೊತ್ತಿರುವುದೇ. ಮಣ್ಣಿನ ಕಂದು ಬಣ್ಣದ್ದು ಸಾಮಾನ್ಯ ಹದ್ದು. ಆದರೆ ಗರುಡನ ಮರಿಯೂ ಕಂದು ಬಣ್ಣದ್ದೇ. ಹಾಗಾದರೆ ಏನು ಮಾಡಬೇಕು? ಬಾಲ ನೋಡಿ. ಗರುಡನ ಬಾಲದ ತುದಿ ದುಂಡಗೆ, ಹದ್ದಿನದ್ದು ಕವಲು. ಬಣ್ಣ ನಂಬುವುದಕ್ಕಿಂತ ಆಕಾರ ನಂಬುವುದು ಮೇಲು ಅನ್ನುವ ಪಾಠ ಇಲ್ಲೇ ಕಲಿತರೆ ಮುಂದೆ ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ.

ಗರುಡ ಮೀನು ಎತ್ತುವುದನ್ನು ಒಂದು ಸಲ ನಿಧಾನವಾಗಿ ಗಮನಿಸಿ. ನೀರಿಗೆ ಮುಳುಗುವುದೇ ಇಲ್ಲ. ತೇಲುತ್ತಿರುವ ಬೂತಾಯಿ ಮೀನಿನ ಮೇಲೆ ಇಳಿಜಾರಾಗಿ ಬರುತ್ತದೆ, ಕಾಲು ಮಾತ್ರ ಮುಂದೆ ಚಾಚಿ ನೀರನ್ನು ಗೀರಿ, ಮೈ ಒದ್ದೆ ಮಾಡಿಕೊಳ್ಳದೆ ಮೇಲೆ ಹೋಗುತ್ತದೆ. ಸಣ್ಣ ಮೀನಾದರೆ ಕೂತು ತಿನ್ನುವಷ್ಟು ತಾಳ್ಮೆ ಇಲ್ಲ. ಹಾರುತ್ತಲೇ ಕಾಲನ್ನು ಕೊಕ್ಕಿನ ಕಡೆ ಮಡಚಿ, ತಲೆ ಬಗ್ಗಿಸಿ ಹರಿದು ತಿನ್ನುತ್ತದೆ. ಕಾಗೆಗಳು ಹಿಂದೆ ಬಿದ್ದರೆ ಹೀಗೆ ಮಾಡುವುದು ಇನ್ನೂ ಜಾಸ್ತಿ.

ಇವೆರಡಕ್ಕಿಂತ ಬಹಳ ದೊಡ್ಡದು, ಕೆಳಗಿನಿಂದ ಬಿಳಿ, ರೆಕ್ಕೆಯ ಅಂಚು ಕಪ್ಪು, ಬಾಲ ಗಿಡ್ಡಗೆ ಬೆಣೆಯಾಕಾರ, ರೆಕ್ಕೆ ಸ್ವಲ್ಪ ಮೇಲೆತ್ತಿ ತೇಲುತ್ತಿದೆ ಅಂದರೆ ಅದು ಬಿಳಿಹೊಟ್ಟೆಯ ಕಡಲ ಹದ್ದು. ವಲಸೆ ಬಂದದ್ದಲ್ಲ, ಇಲ್ಲಿಯದ್ದೇ. ಕಡಲ ಹಾವನ್ನೂ ಹಿಡಿಯುತ್ತದೆ. ಚಳಿಗಾಲದಲ್ಲೇ ಅದು ಗೂಡು ಕಟ್ಟಿ ಮರಿ ಮಾಡುವುದು. ದೊಡ್ಡ ಮರದ ತುದಿಯಲ್ಲಿ ಗೂಡು ಕಂಡರೆ ದೂರದಿಂದಲೇ ನೋಡಿ ಬನ್ನಿ, ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆಸ್ಪ್ರೇ ಮಾತ್ರ ಚಳಿಗಾಲದ ಅತಿಥಿ. ಕಣ್ಣಿನ ಮೇಲೆ ಹಾಯುವ ದಪ್ಪ ಕಪ್ಪು ಪಟ್ಟೆ ಅದರ ಗುರುತು. ಇದು ಕಾಲು ಮುಂದೆ ಮಾಡಿ ನೀರಿಗೇ ಧುಮುಕುತ್ತದೆ. ಸಿಕ್ಕಿದ ಮೀನನ್ನು ತಲೆ ಮುಂದೆ ಬರುವಂತೆ ತಿರುಗಿಸಿಕೊಂಡು ಒಯ್ಯುತ್ತದೆ.

ಕಡಲಕಾಗೆಗಳು: ನಿಧಾನವಾಗಿ ಓದಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲೋಣ, ಯಾಕೆಂದರೆ ಜನ ಕೈ ಬಿಡುವುದೇ ಇಲ್ಲಿ. "ಎಲ್ಲವೂ ಬಿಳಿ ಹಕ್ಕಿ, ಎಲ್ಲವೂ ಒಂದೇ" ಅಂತ ಹೇಳಿ ಮುಂದೆ ಹೋಗುತ್ತಾರೆ.

ಮಲ್ಪೆಯ ಬೋಟುಗಳ ಮೇಲೆ ಚಳಿಗಾಲದಲ್ಲಿ ಕಾಣುವ ನಡುಗಾತ್ರದ ಕಡಲಕಾಗೆ ಹೆಚ್ಚಾಗಿ ಬ್ರೌನ್-ಹೆಡೆಡ್ ಗಲ್. ಲಡಾಖ್, ಟಿಬೆಟ್‌ನಂಥ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಚಳಿಗೆ ಕಡಲ ಕಡೆ ಇಳಿಯುತ್ತದೆ. ಹೆಸರಲ್ಲಿ ಕಂದು ತಲೆ ಇದ್ದರೂ ಚಳಿಗಾಲದಲ್ಲಿ ತಲೆ ಬಿಳಿ. ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿರುತ್ತದೆ. ಕಾಲು, ಕೊಕ್ಕು ಕೆಂಪು, ಕೊಕ್ಕಿನ ತುದಿ ಕಪ್ಪು.

ಇದರ ಜೊತೆಯಲ್ಲೇ ಬ್ಲ್ಯಾಕ್-ಹೆಡೆಡ್ ಗಲ್ ಕೂತಿರುತ್ತದೆ. ಅದಕ್ಕೂ ಬಿಳಿ ತಲೆ, ಅದಕ್ಕೂ ಕಪ್ಪು ಚುಕ್ಕೆ. ವ್ಯತ್ಯಾಸ ಹೇಗೆ? ಕೂತಾಗ ಕಣ್ಣು ನೋಡಿ. ಬಲಿತ ಬ್ರೌನ್-ಹೆಡೆಡ್ ಗಲ್‌ನ ಕಣ್ಣು ತಿಳಿ ಬಣ್ಣ, ಮುಖಕ್ಕೆ ಸ್ವಲ್ಪ ಸಿಟ್ಟಿನ ಕಳೆ ಇರುತ್ತದೆ. ಬ್ಲ್ಯಾಕ್-ಹೆಡೆಡ್ ಗಲ್‌ಗೆ ಕಪ್ಪು ಕಣ್ಣು, ಪಾಪದ ಮುಖ. ಕೊಕ್ಕು ಕೂಡ ತೆಳು. ಹಾರುವಾಗ ರೆಕ್ಕೆಯ ತುದಿ ನೋಡಿ. ಬ್ರೌನ್-ಹೆಡೆಡ್‌ಗೆ ತುದಿ ಪೂರಾ ಕಪ್ಪು, ಆ ಕಪ್ಪಿನೊಳಗೆ ಒಂದೆರಡು ಬಿಳಿ ಬೊಟ್ಟು. ಬ್ಲ್ಯಾಕ್-ಹೆಡೆಡ್‌ಗೆ ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಬಿಳಿ ಪಟ್ಟೆ, ಕಪ್ಪು ಹಿಂದಿನ ಅಂಚಿನಲ್ಲಿ ಮಾತ್ರ. ಮೊದಲ ಚಳಿಗಾಲದ ಮರಿಗಳಲ್ಲಿ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ. ಎರಡಕ್ಕೂ ಕಣ್ಣು ಕಪ್ಪೇ, ರೆಕ್ಕೆಯ ಮೇಲೆ ಕಂದು ಕಲೆ, ಬಾಲದ ತುದಿಗೆ ಕಪ್ಪು ಪಟ್ಟಿ, ಬಿಳಿ ಬೊಟ್ಟು ಇರುವುದಿಲ್ಲ. ಶುರುವಿನಲ್ಲಿ ಮರಿಗಳನ್ನು ಬಿಟ್ಟುಬಿಡಿ. ಬಲಿತ ಹಕ್ಕಿ ಕಣ್ಣಿಗೆ ಹಿಡಿಸಿದ ಮೇಲೆ ಮರಿಗಳ ಕಡೆ ಬಂದರಾಯಿತು.

ನಡುವೆ ಒಂದು ಉದ್ದ ಕೊಕ್ಕಿನ, ಕಪ್ಪು ಚುಕ್ಕೆ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕಾದ, ಕುತ್ತಿಗೆ ಚಾಚಿದ ಹಕ್ಕಿ ಕಂಡರೆ ಸ್ಲೆಂಡರ್-ಬಿಲ್ಡ್ ಗಲ್ ಇರಬಹುದು, ಗಮನ ಕೊಡಿ.

ಆಮೇಲೆ ದೊಡ್ಡವು. ಬೆನ್ನು ಗಾಢ ಬೂದು, ಕಾಲು ಹಳದಿ, ಹಳದಿ ಕೊಕ್ಕಿನ ಕೆಳಗೆ ಕೆಂಪು ಚುಕ್ಕೆ ಇದ್ದರೆ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್. ಅದರಲ್ಲಿ ಹ್ಯೂಗ್ಲಿನ್ಸ್, ಸ್ಟೆಪ್ ಅಂತ ಒಳಜಾತಿಗಳಿವೆ. ಬೆನ್ನಿನ ಬೂದು ಬಣ್ಣ ಎಷ್ಟು ಗಾಢ ಅನ್ನುವುದರ ಮೇಲೆ ಪಳಗಿದವರೂ ಗಂಟೆಗಟ್ಟಲೆ ಜಗಳ ಮಾಡುತ್ತಾರೆ. ನೀವು ಆ ಜಗಳಕ್ಕೆ ಹೋಗಬೇಡಿ. ಇನ್ನೊಂದು ದೈತ್ಯ ಪಲ್ಲಾಸಸ್ ಗಲ್. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ಬರುತ್ತದೆ. ಹಳದಿ ಕೊಕ್ಕಿನ ತುದಿಯ ಹತ್ತಿರ ಕಪ್ಪು, ಕೆಂಪು ಪಟ್ಟಿ. ಬ್ರೌನ್-ಹೆಡೆಡ್ ಗಲ್‌ಗಳ ನಡುವೆ ಇದು ಇಳಿದರೆ ಉಳಿದವು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತವೆ.

ರೀವಗಳು

ಕಡಲಕಾಗೆಗಿಂತ ತೆಳು ಮೈ, ಚೂಪು ರೆಕ್ಕೆ, ಚೂಪು ಕೊಕ್ಕು ಇದ್ದರೆ ಅದು ರೀವ, ಅಂದರೆ ಟರ್ನ್. ಇವನ್ನು ನೋಡಲು ಕಡಲೊಳಕ್ಕೆ ಚಾಚಿದ ಸೀ ವಾಕ್‌ನ ತುದಿ ಅಥವಾ ಅಳಿವೆ ಬಾಗಿಲಿನ ಕಲ್ಲುಗಳ ಹತ್ತಿರ ಹೋಗಿ. ಬೋಟು ಒಳಗೆ ಬರುವುದು ಈ ದಾರಿಯಲ್ಲೇ.

ರೀವಗಳನ್ನು ಬಿಡಿಸುವ ಸುಲಭ ದಾರಿ ಕೊಕ್ಕಿನ ಬಣ್ಣ. ಕಿತ್ತಳೆ ಕೊಕ್ಕು ಲೆಸ್ಸರ್ ಕ್ರೆಸ್ಟೆಡ್. ಹಸಿರು ಮಿಶ್ರ ಹಳದಿ ಕೊಕ್ಕು, ದೊಡ್ಡ ಮೈ, ಬೆನ್ನು ಇನ್ನೂ ಗಾಢ, ಅದು ಗ್ರೇಟರ್ ಕ್ರೆಸ್ಟೆಡ್. ಕಪ್ಪು ಕೊಕ್ಕಿಗೆ ತುದಿಯಲ್ಲಿ ಮಾತ್ರ ಹಳದಿ ಇದ್ದರೆ ಸ್ಯಾಂಡ್‌ವಿಚ್. ಕೆಂಪು ದಪ್ಪ ಕೊಕ್ಕು, ಕಡಲಕಾಗೆಯಷ್ಟು ದೊಡ್ಡ ಮೈ ಇದ್ದರೆ ಕ್ಯಾಸ್ಪಿಯನ್, ರೀವಗಳಲ್ಲೇ ಎಲ್ಲಕ್ಕಿಂತ ದೊಡ್ಡದು. ದಪ್ಪ, ಗಿಡ್ಡ, ಕಪ್ಪು ಕೊಕ್ಕು, ಕಣ್ಣಿನ ಹಿಂದೆ ಕಪ್ಪು ಮಚ್ಚೆ ಇದ್ದರೆ ಗಲ್-ಬಿಲ್ಡ್. ಇದು ಬೇರೆ ರೀವಗಳ ಹಾಗೆ ನೀರಿಗೆ ಧುಮುಕುವುದು ಅಪರೂಪ. ಕೆಸರಿನ ಮೇಲೆ ತಗ್ಗಿ ಹಾರುತ್ತಾ ಏಡಿ, ಹುಳ ಹೆಕ್ಕುತ್ತದೆ.

ಅದೇ ಕಲ್ಲುಗಳ ಮೇಲೆ ಬೂದುಗಪ್ಪು ಬಕ ಒಂದು ಬಗ್ಗಿ ನಿಂತಿರುತ್ತದೆ, ಗಂಟಲು ಬಿಳಿ. ಇದು ವೆಸ್ಟರ್ನ್ ರೀಫ್ ಹೆರಾನ್. ಬಿಳಿ ಮೈಯದ್ದೂ ಉಂಟು. ಅದನ್ನು ಸಣ್ಣ ಬೆಳ್ಳಕ್ಕಿ ಅಂದುಕೊಳ್ಳುವುದು ಸುಲಭ. ಬೆಳ್ಳಕ್ಕಿಯ ಕೊಕ್ಕು ಅಚ್ಚ ಕಪ್ಪು, ತೆಳು. ರೀಫ್ ಹೆರಾನ್‌ದು ದಪ್ಪ, ಕಂದು ಹಳದಿ. ಕಲ್ಲಿನ ಬುಡದಲ್ಲಿ ಹಿಂಭಾಗ ಕುಣಿಸುತ್ತಾ ಓಡಾಡುವ ಸಣ್ಣ ಹಕ್ಕಿ ಕಾಮನ್ ಸ್ಯಾಂಡ್‌ಪೈಪರ್. ಕಲ್ಲುಗಳ ಮೇಲೆ ಪಾಚಿ ಇರುತ್ತದೆ, ನೀವು ಮಾತ್ರ ಹತ್ತಬೇಡಿ.

ಇಳಿತಕ್ಕೆ ಪಡುಕೆರೆ

ದಕ್ಕೆಯ ಗಲಾಟೆ ತಣ್ಣಗಾದ ಮೇಲೆ ಸೇತುವೆ ದಾಟಿ ಪಡುಕೆರೆಗೆ ಬನ್ನಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಸಪೂರ ನೆಲ. ಮರಳಿನ ಮೇಲೆ ಮೊದಲು ಏನೂ ಕಾಣುವುದಿಲ್ಲ. ಎರಡು ನಿಮಿಷ ಸುಮ್ನೆ ನಿಂತಿರಿ. ಮರಳೇ ಎದ್ದು ಓಡಿದ ಹಾಗೆ ಆಗುತ್ತದೆ. ಅವು ಪ್ಲವರ್‌ಗಳು.

ಪ್ಲವರ್ ಓಡುತ್ತದೆ, ಟಕ್ಕನೆ ನಿಲ್ಲುತ್ತದೆ, ಬಗ್ಗಿ ಹೆಕ್ಕುತ್ತದೆ, ಮತ್ತೆ ಓಡುತ್ತದೆ. ಕಣ್ಣಿಂದ ನೋಡಿ ಬೇಟೆಯಾಡುವ ಕಾರಣ ನಿಂತು ನೋಡಲೇಬೇಕು. ಸ್ಯಾಂಡ್‌ಪೈಪರ್ ಜಾತಿಯವು ನಿಲ್ಲುವುದಿಲ್ಲ. ಕೊಕ್ಕಿನ ತುದಿಯಲ್ಲೇ ಸ್ಪರ್ಶ ಗೊತ್ತಾಗುವ ಕಾರಣ ತಲೆ ತಗ್ಗಿಸಿ ಹೊಲಿಗೆ ಹಾಕುತ್ತಲೇ ಹೋಗುತ್ತವೆ. ದೂರದಿಂದ ಬಣ್ಣ ಕಾಣದಿದ್ದರೂ ಈ ನಡೆಯಲ್ಲೇ ಎರಡು ಗುಂಪನ್ನು ಬೇರೆ ಮಾಡಬಹುದು.

ಪ್ಲವರ್‌ಗಳಲ್ಲಿ ಇಲ್ಲಿ ಎರಡನ್ನು ಕಲಿಯಿರಿ. ಕುತ್ತಿಗೆಯ ಹಿಂದೆ ಬಿಳಿ ಪಟ್ಟಿ ಪೂರ್ತಿ ಸುತ್ತಿದ್ದರೆ ಕೆಂಟಿಷ್ ಪ್ಲವರ್. ಹಿಂಗುತ್ತಿಗೆ ಕಂದಾಗಿದ್ದರೆ ಸ್ಯಾಂಡ್ ಪ್ಲವರ್. ಹಳೆಯ ಪುಸ್ತಕಗಳಲ್ಲಿ ಲೆಸ್ಸರ್ ಸ್ಯಾಂಡ್ ಪ್ಲವರ್ ಅಂತ ಒಂದೇ ಇದ್ದದ್ದನ್ನು ಈಗ ಸೈಬೀರಿಯನ್, ಟಿಬೆಟನ್ ಅಂತ ಎರಡು ಜಾತಿ ಮಾಡಿದ್ದಾರೆ. ಚಳಿಗಾಲದ ಬಣ್ಣದಲ್ಲಿ ಬೇರೆ ಮಾಡುವುದು ಬಹಳ ಕಷ್ಟ. ಸ್ಯಾಂಡ್ ಪ್ಲವರ್ ಅಂತಷ್ಟೇ ಬರೆದುಕೊಂಡರೆ ಯಾರೂ ಬಯ್ಯುವುದಿಲ್ಲ.

ಅಲೆಯ ಅಂಚಿನಲ್ಲಿ ಬಿಳಿ ಬಿಳಿ ಗುಂಪೊಂದು ಅಲೆ ಬಂದಾಗ ಮೇಲಕ್ಕೆ, ಅಲೆ ಹೋದಾಗ ಕೆಳಕ್ಕೆ ಓಡುತ್ತಿದ್ದರೆ ಅದು ಸ್ಯಾಂಡರ್ಲಿಂಗ್. ಇದಕ್ಕೆ ಹಿಂಬೆರಳಿಲ್ಲ. ಒದ್ದೆ ಮರಳಿನ ಹೆಜ್ಜೆ ಗುರುತಿನಲ್ಲೂ ಮೂರೇ ಬೆರಳು.

ಭರತಕ್ಕೆ ಕೋಡಿಬೆಂಗ್ರೆ

ನೀರು ಏರುವಾಗ ದಡದ ಹಕ್ಕಿಗಳಿಗೆ ಉಣ್ಣುವ ಜಾಗ ಮುಳುಗುತ್ತದೆ. ಆಗ ಅವು ಎತ್ತರದ ಮರಳ ದಿಬ್ಬದ ಮೇಲೆ ಒಟ್ಟಿಗೆ ನಿಂತು ನಿದ್ದೆ ಮಾಡುತ್ತವೆ. ಕೆಮ್ಮಣ್ಣು, ಹೂಡೆ ದಾಟಿ ಕೋಡಿಬೆಂಗ್ರೆಯ ತುದಿಗೆ ಹೋದರೆ ಸುವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಅಳಿವೆ. ದಿಬ್ಬಗಳು ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತವೆ. ಈ ವರ್ಷ ಎಲ್ಲಿ ಎದ್ದಿದೆ ಅಂತ ಅಲ್ಲಿಯ ನಾಡದೋಣಿಯವರನ್ನೇ ಕೇಳಿ.

ಭರತಕ್ಕೆ ಒಂದು, ಒಂದೂವರೆ ಗಂಟೆ ಮೊದಲೇ ಹೋಗಿ ದೂರದಲ್ಲಿ ಕೂತುಬಿಡಿ. ನೀರು ಏರಿದ ಹಾಗೆ ಹಕ್ಕಿಗಳು ತಾವೇ ಹತ್ತಿರ ಬರುತ್ತವೆ. ಉದ್ದ ಬಾಗಿದ ಕೊಕ್ಕಿನ ವಿಂಬ್ರೆಲ್, ಅದಕ್ಕಿಂತ ದೊಡ್ಡ ಕರ್ಲ್ಯೂ, ಕೆಂಪು ಕಾಲಿನ ರೆಡ್‌ಶ್ಯಾಂಕ್, ತುದಿ ಸ್ವಲ್ಪ ಮೇಲಕ್ಕೆ ಬಾಗಿದ ಕೊಕ್ಕಿನ ಗ್ರೀನ್‌ಶ್ಯಾಂಕ್. ವಿಂಬ್ರೆಲ್ ಏಡಿ ಹಿಡಿದರೆ ನೋಡುವ ಹಾಗಿರುತ್ತದೆ. ಕೊಕ್ಕಿನ ತುದಿಯಲ್ಲಿ ಕಚ್ಚಿಕೊಂಡು ಒದರಿ ಒದರಿ ಕಾಲೆಲ್ಲ ಉದುರಿಸಿ, ನೀರಿನಲ್ಲಿ ಒಮ್ಮೆ ಅದ್ದಿ ನುಂಗುತ್ತದೆ.

ಇಲ್ಲಿ ಒಂದು ಮಾತು ಖಡಾಖಂಡಿತ. ನಿದ್ದೆ ಮಾಡುತ್ತಿರುವ ಗುಂಪನ್ನು ಫೋಟೋಗೆ ಅಂತ ಎಬ್ಬಿಸಬೇಡಿ. ಎದ್ದು ಹಾರಿದರೆ ಅವಕ್ಕೆ ಕೂರಲು ಬೇರೆ ಒಣ ಜಾಗ ಇಲ್ಲ. ಬೆಳಗ್ಗಿನಿಂದ ತಿಂದ ಶಕ್ತಿ ಹಾರಾಟದಲ್ಲೇ ಮುಗಿಯುತ್ತದೆ. ಹಕ್ಕಿಗಳು ಕೊಕ್ಕು ಬೆನ್ನಿನಿಂದ ತೆಗೆದು ತಲೆ ಎತ್ತಿ ನಿಂತವು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ, ಹಿಂದೆ ಬನ್ನಿ.

ಸಂಜೆ ಬಿಡುವಿದ್ದರೆ ಅಲ್ಲೇ ಹೊಳೆಯ ಕಡೆ ತಿರುಗಿ. ಆಗ ಬೆಳಕು ಬೆನ್ನ ಹಿಂದೆ ಬರುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೆ ಚೆನ್ನಾಗಿ ಬೀಳುತ್ತದೆ. ಕಪ್ಪು ಟೋಪಿಯ, ನೇರಳೆ ನೀಲಿ ಬೆನ್ನಿನ ಮಿಂಚುಳ್ಳಿಯನ್ನು ಹುಡುಕಿ. ಬ್ಲ್ಯಾಕ್-ಕ್ಯಾಪ್ಡ್ ಕಿಂಗ್‌ಫಿಶರ್ ಅಂತ ಹೆಸರು, ಅಳಿವೆ ಕಾಂಡ್ಲಾ ಬಿಟ್ಟು ದೂರ ಹೋಗುವುದು ಕಡಿಮೆ.

ಮಂಗಳೂರಿನವರಿಗೆ

ಇದೇ ಲೆಕ್ಕ ಮಂಗಳೂರಿಗೂ ಸರಿ. ಬೆಳಗ್ಗೆ ಬಂದರ್ ದಕ್ಕೆ, ಆಮೇಲೆ ಫೆರ್ರಿಯಲ್ಲಿ ಬೆಂಗ್ರೆ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಕಾರಣ ಇಳಿತದಲ್ಲಿ ಒಳ್ಳೆಯ ಜಾಗ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ದೋಣಿಯಲ್ಲೂ ಹಕ್ಕಿ ಸಿಗುತ್ತವೆ. ಪಣಂಬೂರಿನ ದೊಡ್ಡ ಬಂದರು ಬೇರೆ ವಿಷಯ. ಅಲ್ಲಿ ಭದ್ರತೆ ಬಿಗಿ, ಬೇಲಿಯ ಹೊರಗೆ ನಿಂತು ಕ್ಯಾಮೆರಾ ಎತ್ತುವುದೂ ಬೇಡ.

ಎಣಿಸಿ, ಬರೆಯಿರಿ

ನೋಡಿದ್ದನ್ನು ಹಕ್ಕಿಗಳ ಪಟ್ಟಿ ದಾಖಲಿಸುವ ಆ್ಯಪ್ ಇ-ಬರ್ಡ್‌ಗೆ ಹಾಕುವ ಅಭ್ಯಾಸ ಮೊದಲ ದಿನವೇ ಮಾಡಿಕೊಳ್ಳಿ. ದಕ್ಕೆಗೆ ಒಂದು ಪಟ್ಟಿ, ಪಡುಕೆರೆಗೆ ಇನ್ನೊಂದು, ಕೋಡಿಬೆಂಗ್ರೆಗೆ ಮತ್ತೊಂದು. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಶುರು ಮಾಡಿದ ಹೊತ್ತು, ನಿಂತ ಹೊತ್ತು ಬರೆಯಿರಿ. ಕಾಗೆ, ಪಾರಿವಾಳ ಕೂಡ ಪಟ್ಟಿಯಲ್ಲಿರಲಿ. ಅಪರೂಪದ್ದನ್ನು ಮಾತ್ರ ಬರೆದರೆ ಆ ಪಟ್ಟಿಯಿಂದ ಮುಂದೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ದೊಡ್ಡ ಗುಂಪು ಎಣಿಸುವುದು ಹೀಗೆ. ಒಂದು ತುದಿಯಿಂದ ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ತುಂಡು ಗುಂಪಿನಲ್ಲಿ ಎಷ್ಟಿವೆ ಅಂತ ನೋಡಿ. ಗುಂಪು ಎದ್ದು ಹಾರುವ ಮೊದಲೇ ಇದನ್ನು ಮುಗಿಸಿ. ಜಾತಿ ಗೊತ್ತಾಗದ ಗಲ್‌ಗಳನ್ನು ಊಹೆ ಮಾಡಿ ಹಾಕಬೇಡಿ. ಬರೀ ಗಲ್ ಅಂತ ದಾಖಲಿಸುವ ಅವಕಾಶ ಆ್ಯಪ್‌ನಲ್ಲೇ ಇದೆ. ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಾ ಬಂದಿದೆ. ಫೆಬ್ರವರಿಯಲ್ಲಿ ಹಿತ್ತಿಲ ಹಕ್ಕಿಗಳ ಎಣಿಕೆ ಇರುತ್ತದೆ. ನಾಲ್ಕು ಸಲ ಒಬ್ಬರೇ ಎಣಿಸಿ ಅಭ್ಯಾಸ ಆದ ಮೇಲೆ ಇವುಗಳಿಗೆ ಸೇರಿಕೊಳ್ಳಿ. ಅಲ್ಲಿ ಸ್ಪಾಟಿಂಗ್ ಸ್ಕೋಪ್ ತರುವವರು ಒಬ್ಬರಾದರೂ ಇರುತ್ತಾರೆ. ಅದರಲ್ಲಿ ಒಮ್ಮೆ ಕಣ್ಣಿಟ್ಟರೆ ದೂರದ ದಿಬ್ಬದ ಮೇಲಿನ ಮಚ್ಚೆಗಳೆಲ್ಲ ಹಕ್ಕಿಗಳಾಗುತ್ತವೆ.

ಕಾಲಿನಲ್ಲಿ ಬಣ್ಣದ ಉಂಗುರವೋ ಪುಟ್ಟ ಬಾವುಟವೋ ಇರುವ ಹಕ್ಕಿ ಕಂಡರೆ, ಚೀಲದಲ್ಲಿಟ್ಟ ಕ್ಯಾಮೆರಾ ತೆಗೆಯುವ ಹೊತ್ತು ಅದು. ಯಾವ ಕಾಲು, ಯಾವ ಬಣ್ಣ, ಯಾವ ಅಕ್ಷರ ಅಂತ ಓದಿಕೊಂಡು ಫೋಟೋ ಸಮೇತ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ, ಅಂದರೆ ಬಿಎನ್‌ಎಚ್‌ಎಸ್‌ಗೆ ಕಳಿಸಿ. ನಮ್ಮ ದೇಶದಲ್ಲಿ ಹಕ್ಕಿಗಳಿಗೆ ಉಂಗುರ ಹಾಕುವ ಕೆಲಸ ಬಹಳ ವರ್ಷಗಳಿಂದ ಮಾಡುತ್ತಿರುವವರು ಅವರು. ಬಲೆಯ ನೂಲು ಕಾಲಿಗೆ ಸುತ್ತಿಕೊಂಡ ಹಕ್ಕಿ ಕಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಅರಣ್ಯ ಇಲಾಖೆಗೆ ಹೇಳಿ. ಬೀಚಿನಲ್ಲಿ ಕಡಲಕಾಗೆಗೆ ಚುರುಮುರಿ, ಚಿಪ್ಸ್ ಎಸೆಯುವ ಮಕ್ಕಳು ಕಂಡರೆ ಬಯ್ಯುವ ಬದಲು ಬೈನಾಕ್ಯುಲರ್ ಕೊಟ್ಟು ಆ ಹಕ್ಕಿಯ ಕಣ್ಣಿನ ಬಣ್ಣ ಏನು ಅಂತ ಕೇಳಿ. ಚಿಪ್ಸ್ ಮರೆತೇ ಹೋಗುತ್ತದೆ.

ಫೆಬ್ರವರಿ ಮುಗಿಯಿತು ಅಂತ ನಿಲ್ಲಿಸಬೇಡಿ. ಮಾರ್ಚ್‌ನಲ್ಲಿ ಬ್ರೌನ್-ಹೆಡೆಡ್ ಗಲ್‌ನ ತಲೆ ಕಂದಾಗತೊಡಗುತ್ತದೆ, ಮೊದಲು ಅಲ್ಲಲ್ಲಿ ಮಸಿ ಮೆತ್ತಿದ ಹಾಗೆ, ಆಮೇಲೆ ಪೂರ್ತಿ. ಸ್ಯಾಂಡ್ ಪ್ಲವರ್‌ನ ಎದೆಗೆ ಕಾವಿ ಕೆಂಪು ಬರುತ್ತದೆ. ಚಳಿಗಾಲದಲ್ಲಿ ಬಿಡಿಸಲಾಗದೆ ಬಿಟ್ಟಿದ್ದ ಎಷ್ಟೋ ಹಕ್ಕಿಗಳು ಆಗ ತಾವೇ ಗುರುತು ಕೊಡುತ್ತವೆ. ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಹೋಗಿರುತ್ತವೆ. ಕೊನೆಯ ಗಲ್ ಯಾವ ತಾರೀಕಿಗೆ ಕಂಡಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬೈನಾಕ್ಯುಲರ್‌ನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿ ಹಾಕಿಡಿ. ನಮ್ಮ ಮಳೆಗೆ ಗಾಜಿನೊಳಗೆ ಬೂಸು ಹಿಡಿಯಲು ಎರಡು ತಿಂಗಳು ಧಾರಾಳ ಸಾಕು.